ಅಡಿಕಿ ಸುದ್ದಾ ಮುಟ್ಟೂದಿಲ್ಲ

ನಮ್ಮ ಮನ್ಯಾಗ ಫುಟ್‌ಬಾಲ್ ಹುಚ್ಚು ಬಂದದ್ದು ಮಾಮಾನ ಕಡೆಯಿಂದ. ಅವ್ವನ ಅಣ್ಣ ಅಂವ. ಹುಡುಗ ಇದ್ದಾಗ ಕೊಲ್ಲಾಪುರಕ್ಕ ಓದಾಕಂತ ಹೋಗಿ, ಓದು ಅಲ್ಲೇ ಬಿಟ್ಟು ಫುಟ್‌ಬಾಲ್ ಹಚ್ಚಿಕೊಂಡು ಬಂದಾಂವ. ಈಗ ನಾಲತವಾಡದಾಗ ಗೊಬ್ಬರದ ಅಂಗಡಿ ಇಟ್ಟಾನ. ಸುತ್ತ ಎಲ್ಲಾರಿಗೂ ಕಬಡ್ಡಿ, ಕ್ರಿಕೆಟ್ಟು, ಇವಂಗೊಬ್ಬಂಗ ಇದು. ನನ್ನ ತಮ್ಮಗ ಅಂಟಿಸಿದ. ತಮ್ಮ ತನ್ನ ಆಟೋ ಹೊಡಿಯೋ ದೋಸ್ತಗ ಅಂಟಿಸಿದ. ಈ ಮೂವರಿಗೆ ಚಹಾ ತಂದಿಟ್ಟು ಹೋಗಾಕಿ ನಾನು, ಒಂದಿನ ಬಾಗಿಲಾಗ ನಿಂತು ನೋಡಿದೆ, ಇನ್ನೊಂದಿನ ಕುಂತು ನೋಡಿದೆ, ಮೂರನೇ ಸಲ ಚಹಾ ತಮ್ಮನ ಕಡೆ ಮಾಡಿಸಿದೆ. ಐತವಾರ ಸಂಜಿ ಆತಂದ್ರ ಮುದ್ದೇಬಿಹಾಳದ ನಮ್ಮ ಪಡಸಾಲ್ಯಾಗ ಟೀವಿ ಮುಂದ ನಾವು ನಾಲ್ಕೂ ಮಂದಿ ಹಾಜರ್.

ಒಂದ ಐತವಾರ ಆಟ ಸುರು ಆಗೋದಕ್ಕಿಂತ ಮೊದಲ ಸುದ್ದಿ ಬಂತು. ಹೊರದೇಶದ ದೊಡ್ಡ ಆಟಗಾರ ಒಬ್ಬಾಂವ ಪರೀಕ್ಷಾದಾಗ ಸಿಕ್ಕಬಿದ್ದಿದ್ದ. ಜೋರ ಓಡಾಕ ತಗೊಂಡ ಔಷಧ ಅಲ್ಲ; ಪಾರ್ಟಿಯೊಳಗ ಮಜಾಕ್ಕಂತ ಮೂಗಿಗೆ ಏರಿಸಿದ ಬಿಳಿ ಪುಡಿ. ಅವನ್ನ ಆಟದಿಂದ ಹೊರಗ ಇಟ್ಟಿದ್ರು.

"ಇಂಥಾ ಮಕ್ಕಳನ್ನ ಜನ್ಮಪೂರ್ತಿ ಹೊರಗ ಹಾಕಬೇಕು," ಅಂದ ಮಾಮಾ. ಅನ್ನುವಾಗ ಅಂಗೈಯಾಗ ತಂಬಾಕಕ್ಕ ಸುಣ್ಣ ಹಚ್ಚಿ ತಿಕ್ಕಾಕತ್ತಿದ್ದ. "ಸಣ್ಣ ಸಣ್ಣ ಹುಡುಗೂರು ಅವನ ಹೆಸರಿನ ಅಂಗಿ ಹಾಕ್ಕೊಂಡು ಅಡ್ಡಾಡ್ತಾವ. ಅವು ಏನ ಕಲೀಬೇಕು?"

ತಮ್ಮ ಎದ್ದು ನಿಂತ. "ಮಾಮಾ, ಅಂವ ಆಟದಾಗ ಮೋಸ ಮಾಡ್ಯಾನೇನು? ಇಲ್ಲಲ್ಲ? ತನ್ನ ಮೂಗು, ತನ್ನ ಪುಡಿ. ಅವನ ಅಂಗಿ ಮ್ಯಾಲ ಜೂಜಾಟದ ಕಂಪನಿ ಹೆಸರು ಹಚ್ಚಿದವರು ಯಾರು? ಮೈದಾನದ ಸುತ್ತ ಬೀರಿನ ಜಾಹೀರಾತು ಕಟ್ಟಿದವರು ಯಾರು? ಅವರನ್ನ ಯಾರ ಪರೀಕ್ಷಾ ಮಾಡ್ಯಾರ?"

"ನಾ ದಿನಾ ಗುಟಕಾ ಹಾಕ್ಕೊಂಡ ಆಟೋ ಹೊಡಿತೇನಿ," ಅಂದ ದೋಸ್ತ. "ನನ್ನ ಹೊರಗ ಹಾಕಿದ್ರ ನಿಮ್ಮನ್ನ ಬಸ್‌ಸ್ಟ್ಯಾಂಡಿಗೆ ಯಾರು ಒಯ್ಯಬೇಕ್ರಿ ಮಾಮಾ?"

"ಗುಟಕಾ ಬ್ಯಾರೆ, ಇದು ಬ್ಯಾರೆ."

"ಹೆಂಗ ಬ್ಯಾರೆ?" ತಮ್ಮ ಬಿಡವಲ್ಲ. ಮಾಮಾ ತಂಬಾಕ ತುಟಿ ಒಳಗ ಇಟ್ಟುಕೊಂಡ. ಇನ್ನ ಮಾತಾಡಾಕ ಬರೂದಿಲ್ಲಂತ ಕೈ ಮಾಡಿ ತೋರಿಸಿದ.

ನಾ ಅಂದೆ, "ನೀವು ಸಿಕ್ಕಾಂವನ ಮ್ಯಾಲ ಜಗಳಾಡಾಕತ್ತೀರಿ. ಸಿಗಲಾರದವರು ಎಷ್ಟ ಮಂದಿ ಅದಾರ ಅಂತ ಯಾರರೆ ವಿಚಾರ ಮಾಡೀರೇನು? ನನ್ನ ಕೇಳಿದ್ರ ಮೈದಾನದಾಗ ಇರೂ ಅಷ್ಟೂ ಮಂದಿ ಮ್ಯಾಲ ನನಗ ಸಂಶಯ ಐತಿ. ಸೀಟಿ ಊದೋ ಪಂಚನ ಮ್ಯಾಲೂ ಐತಿ."

ಮಾಮಾ ಕಿಡಕಿಯಿಂದ ಹೊರಗ ಉಗುಳಿ ಬಂದು ನಕ್ಕ. "ನಿನ್ನ ಕಟ್ಟಿಕೊಂಡಾಂವ ಸತ್ತ ನೋಡವಾ!"

ಸಂಶಯ ನಾ ಹುಟ್ಟುವಾಗ ತಂದದ್ದಲ್ಲ. ನಾ ಕೆಲಸ ಮಾಡೂದು ರಕ್ತ ಪರೀಕ್ಷಾ ಮಾಡೂ ಲ್ಯಾಬಿನಾಗ. "ಕುಡೀತೀರೇನ್ರಿ?" ಅಂತ ಬಂದ ಗಂಡಸರನ್ನ ಕೇಳಿದ್ರ, ಬಾಯಾಗ ಲವಂಗ ಇಟ್ಟುಕೊಂಡು, "ಛೇ ಛೇ, ಎಲ್ಲೀದ್ರಿ ಅಕ್ಕಾರ!" ಅಂತಾರ. ಬಾಜೂಕ ಹೆಂಡತಿ ತಲಿ ತಗ್ಗಿಸಿ ಸೆರಗು ತಿರುವ್ತಿರ್ತಾಳ. ಸಂಜಿಗೆ ರಿಪೋರ್ಟ್ ಬರ್ತೈತಿ, ಖರೇ ಯಾವುದು ಅಂತ ಅದರಾಗ ಇರ್ತೈತಿ. ಗಂಡಸರ ಮಾತು ಕೇಳಿ ರಿಪೋರ್ಟ್ ಬರಿಯೂದಾದ್ರ ಮುದ್ದೇಬಿಹಾಳದಾಗ ಒಬ್ಬರದೂ ಲಿವರ್ ಕೆಟ್ಟಿಲ್ಲ.

ನಮ್ಮ ಅಪ್ಪಂದೂ ಅದ ಆಗಿತ್ತು. ನಾ ಹತ್ತನೇತ್ತೆ ಇದ್ದಾಗ ಕಣ್ಣು ಅರಿಷಿಣ ಆಗಿ, ಹೊಟ್ಟಿ ಉಬ್ಬಿ ತೀರಿಕೊಂಡ. ಕುಡದ ಬಂದ ದಿನ ಅವ್ವ ನಮ್ಮಿಬ್ಬರನ್ನೂ ಕರಕೊಂಡು ಬಾಜೂದವರ ಮಾಳಗಿ ಮ್ಯಾಲ ಹೋಗಿ ಮಲಗ್ತಿದ್ದಳು. ಅವ್ವಗ ಆ ಅಪ್ಪನ ಸಂಬಂಧ ತಂದಾಂವ ಇದ ಮಾಮಾ. "ಹುಡುಗ ಬಂಗಾರ. ಅಡಿಕಿ ಸುದ್ದಾ ಮುಟ್ಟೂದಿಲ್ಲ" ಅಂತ ಹೇಳಿ ಒಪ್ಪಿಸಿದ್ದನಂತ. ಅವ್ವ ಮಾತ್ರ ಒಂದಿನಾನೂ ಮಾಮಾಗ ತಪ್ಪು ಹಚ್ಚಲಿಲ್ಲ. "ಪಾಪ, ಅಣ್ಣಗರೆ ಏನ ಗೊತ್ತಿತ್ತು? ಅವರ ಮಂದಿ ಮುಚ್ಚಿಟ್ಟಿದ್ರು" ಅಂತಿದ್ದಳು.

ಅದ ಮಾಮಾ, ಆ ಪುಡಿ ಜಗಳದ ಮುಂದಿನ ವಾರ, ಮೋಟಾರ್ ಸೈಕಲ್ ಸದ್ದು ಮಾಡಕೋತ ಬಂದು, ಸೀದಾ ಅಡಿಗಿ ಮನಿ ಬಾಗಿಲಾಗ ನಿಂತ. ನನಗೊಂದು ಸಂಬಂಧ ತಂದಿದ್ದ. ಇಂಡಿ ಕಡೆ ಲಿಂಬಿ ತೋಟ ಇದ್ದ ಮನಿತನ. ಹುಡುಗ ಗೋವಾದ ಕ್ಲಬ್ಬಿನಾಗ ಸಂಬಳಕ್ಕ ಫುಟ್‌ಬಾಲ್ ಆಡ್ತಾನ. ಮಾಮಾನ ಕಣ್ಣು ಕುಣ್ಯಾಕತ್ತಿದ್ದುವು. "ಫುಟ್‌ಬಾಲ್ ಅಳಿಯಾ ಬರ್ತಾನ ಮನಿಗೆ! ಹುಡುಗ ಬಂಗಾರ. ಅಡಿಕಿ ಸುದ್ದಾ ಮುಟ್ಟೂದಿಲ್ಲ."

ಅವ್ವ ರೊಟ್ಟಿ ಬಡಿಯಾಕತ್ತಿದ್ದಳು. ಕೈ ನಿಂತಿತು. ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ವಾಸನಿ ಬಂದ ಮ್ಯಾಲ ನಾನ ಹೋಗಿ ತಗದೆ.

ಆ ಮಾತು ನನ್ನ ಕಿವ್ಯಾಗ ಕುಂತ ಬಿಟ್ಟಿತು. ತಮ್ಮನ್ನ, ದೋಸ್ತನ್ನ ಇಂಡಿಗೆ ಕಳಿಸಿದೆ. ಕ್ಷೌರದ ಅಂಗಡಿ, ಪಾನ ಅಂಗಡಿ, ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿ, ನಮ್ಮ ಕಡೆ ವರನ ಚಟಾ ವಿಚಾರಿಸೋ ಜಾಗಾ ಇವ. ಮೂರೂ ಕಡೆ "ಹುಡುಗ ಚೊಲೊ ಅದಾನ, ಕಣ್ಣು ಮುಚ್ಚಿ ಕೊಡ್ರಿ" ಅಂದ್ರಂತ. ನಡುವ ಒಂದಿಷ್ಟ ತಿಂಗಳು ಮೊಣಕಾಲ ನೋವಂತ ಆಟ ಬಿಟ್ಟು ಕುಂತಿದ್ದ, ಅಷ್ಟ. ತಮ್ಮ ಖುಷೀಲೆ ಬಂದು ಹೇಳಿದ.

"ಎಲ್ಲಾರೂ ಒಂದ ಮಾತು ಹೇಳಿದ್ರಂದ್ರ ಏನೋ ಐತಿ," ಅಂದೆ ನಾ. "ಇಂಡಿ ಊರಾಗ ಎಲ್ಲಾರಿಗೂ ಗೊತ್ತಿರೋ ಹುಡುಗ ಅಲ್ಲ್ಯಾಕ ಸೇದ್ತಾನ, ಕುಡೀತಾನ? ಗೋವಾದಾಗ ಕೇಳು."

"ಗೋವಾದಾಗ ಯಾರನ್ನ ಕೇಳಲಿ ನಾ?"

"ಫೋನಿನ್ಯಾಗ ಅಷ್ಟ ದೊಡ್ಡ ಫುಟ್‌ಬಾಲ್ ಗುಂಪು ಕಟ್ಟಿಕೊಂಡೀಯಲ್ಲ, ದಿನಾ ಬಡದಾಡಾಕ! ಒಮ್ಮೆರೆ ಉಪಯೋಗಕ್ಕ ಬರಲಿ."

ಕೇಳಿದ. ಗೋವಾದಾಂವ ಒಬ್ಬ ಉತ್ತರ ಹಾಕಿದ: ಆ ಕ್ಲಬ್ಬಿನ ಒಬ್ಬ ಡಿಫೆಂಡರ್ ಗಾಂಜಾದ ಪರೀಕ್ಷಾದಾಗ ಸಿಕ್ಕಿದ್ದ, ಹೆಸರು ಹೊರಗ ಬರಲಿಲ್ಲ, ಮೊಣಕಾಲ ನೋವು ಅಂತ ಹೇಳಿ ಕುಂಡ್ರಿಸಿದ್ರು. ನಮ್ಮ ವರನೂ ಡಿಫೆಂಡರ್. ಅವಂದೂ ಮೊಣಕಾಲ.

ಆ ಐತವಾರ ಆಟ ಯಾರೂ ನೋಡಲಿಲ್ಲ. ತನ್ನ ಮೂಗು ತನ್ನ ಪುಡಿ ಅಂದಿದ್ನಲ್ಲ ನನ್ನ ತಮ್ಮ, ಅಂವ ಕೆಂಡ ಆಗಿದ್ದ. "ಬ್ಯಾಡ ಅಕ್ಕಾ. ಗಾಂಜಾ ಸೇದಾವನ ಮನಿಗೆ ನಿನ್ನ ಕೊಡೂದ ಬ್ಯಾಡ. ನನ್ನ ಜೀವ ಹೋದ್ರೂ ಇಲ್ಲ."

ಜನ್ಮಪೂರ್ತಿ ಹೊರಗ ಹಾಕಬೇಕು ಅಂದಿದ್ನಲ್ಲ ಮಾಮಾ, ಅಂವ ಮೆತ್ತಗ ಆಗಿದ್ದ. "ಏ, ಹುಡುಗು ವಯಸ್ಸು. ಆಟಗಾರರು ಅಂದ್ಮ್ಯಾಲ ಸ್ವಲ್ಪ ಮಜಾ ಇರ್ತೈತಿ. ಆಟಕ್ಕೂ ಅದಕ್ಕೂ ಏನ ಸಂಬಂಧ? ಮನಿತನ ನೋಡ್ರಿ, ತೋಟಾ ನೋಡ್ರಿ. ಸಿಕ್ಕಬಿದ್ದಾಂವ ಅಂವನ ಅಂತ ಏನ ಗ್ಯಾರಂಟಿ ಐತಿ?"

ನನಗ ನಗೀನೂ ಬಂತು, ಸಿಟ್ಟೂ ಬಂತು. "ಮೊನ್ನೆ ಇಬ್ಬರೂ ಹೇಳಿದ ಮಾತು ಅದಲು ಬದಲು ಮಾಡ್ಕೊಂಡೀರಲ್ಲ! ಅಂಗೀನೂ ಬದಲ ಮಾಡ್ಕೋರಿ ಹಂಗಾರ." ದೋಸ್ತ ಮುಸಿ ಮುಸಿ ನಕ್ಕ, ತಮ್ಮನ ಮಾರಿ ನೋಡಿ ಕೆಮ್ಮಿದಂಗ ಮಾಡಿದ.

ಅವ್ವ ಅಷ್ಟೊತ್ತೂ ಗ್ವಾಡಿಗೆ ಆತುಕೊಂಡು ಕುಂತಿದ್ದಳು. "ಅವರು ಬರಲಿ," ಅಂದಳು. "ಬ್ಯಾಡ ಅನ್ನೂದಿದ್ರ ಹುಡುಗನ್ನ ನೋಡಿ ಅನ್ನೂಣು."

ಬಂದ್ರು. ಹುಡುಗ, ಅವನ ಅಪ್ಪ, ಅವ್ವ, ಬಿಳಿ ಕಾರಿನ್ಯಾಗ. ಒಂದು ಚೀಲ ಲಿಂಬಿಹಣ್ಣು ತಂದಿದ್ರು. ಪಡಸಾಲಿ ತುಂಬ ಅದರ ವಾಸನಿ. ಉಪ್ಪಿಟ್ಟು ಆತು, ಚಹಾ ಆತು. ನಾ ಹುಡುಗನ ಕಣ್ಣು ನೋಡಿದೆ, ಉಗುರು ನೋಡಿದೆ, ತುಟಿ ನೋಡಿದೆ. ಲ್ಯಾಬಿನಾಗ ಮಂದೀನ ನೋಡಿದಂಗ ನೋಡಿದೆ. ಏನೂ ತಿಳೀಲಿಲ್ಲ. ಚಂದ ಇದ್ದ ಅನ್ನೂದಷ್ಟ ತಿಳೀತು, ಅದಕ್ಕ ಇನ್ನೂ ಸಿಟ್ಟ ಬಂತು.

ಅವನ ಅಪ್ಪ ದೊಡ್ಡ ಮನಸ್ಸಿನ ಮನಿಷ್ಯಾ. "ಏನರೆ ಕೇಳೂದಿದ್ರ ಕೇಳವಾ, ನಾಚ್ಕೋಬ್ಯಾಡ," ಅಂದ್ರು.

ಕೇಳಿದೆ. "ಮೊಣಕಾಲ ನೋವಂತ ಆಟ ಬಿಟ್ಟು ಕುಂತಿದ್ರಂತಲ್ರಿ. ಖರೇನ ಮೊಣಕಾಲ ಏನ್ರಿ? ಇಲ್ಲಾ ಪರೀಕ್ಷಾದಾಗ ಸಿಕ್ಕಿದ್ರೇನ್ರಿ?"

ಹುಡುಗನ ಅವ್ವ ಬಾಯಿ ಮ್ಯಾಲ ಸೆರಗು ಇಟ್ಟುಕೊಂಡ್ರು. ಮಾಮಾ ಎರಡೂ ಕೈ ಎತ್ತಿ, "ಏ ಹುಚ್ಚಿ! ಏನ ಕೇಳಾಕತ್ತೀಯ? ನಾ ಹೇಳಿಲ್ಲೇನು, ಹುಡುಗ ಅಡಿಕಿ ಸುದ್ದಾ..."

"ಅಡಿಕಿ ಮುಟ್ಟೂದಿಲ್ರಿ, ಅದು ಖರೇ ಐತಿ," ಅಂದ ಹುಡುಗ. ಚಹಾದ ಕಪ್ ಕೆಳಗಿಟ್ಟ. "ಗಾಂಜಾ ಸೇದೇನ್ರಿ. ಒಮ್ಮೆ ಅಲ್ಲ. ಮೊಣಕಾಲ ಮೊದಲು ಖರೇನ ಕೆಟ್ಟಿತ್ತು. ರೂಮಿನ್ಯಾಗ ನಾವು ಆಟಗಾರರು ಅಷ್ಟ ಇರ್ತಿದ್ವಿ, ಒಬ್ಬಾಂವ ಸೇದ್ತಿದ್ದ, ನನಗೂ ಕೊಟ್ಟ. ನೋವು ಮರೀಬೇಕಂತಲ್ಲ, ಸುಳ್ಳು ಯಾಕ ಹೇಳಲಿ, ಚೊಲೊ ಅನಸ್ತಿತ್ತು. ಮೊಣಕಾಲ ನೆಟ್ಟಗಾದ ಮ್ಯಾಲ ಸಿಕ್ಕಬಿದ್ದೆ. ಆಮ್ಯಾಲ ಬಿಟ್ಟೇನಿ."

"ಬಿಟ್ಟೀರಿ ಅಂತ ನಾ ಹೆಂಗ ನಂಬಲಿ?"

"ನಂಬಬ್ಯಾಡ್ರಿ. ನನ್ನ ಇವತ್ತಿಗೂ ಯಾವಾಗ ಬೇಕಾದ್ರೂ ಕರದು ಪರೀಕ್ಷಾ ಮಾಡ್ತಾರ್ರಿ. ಅವರೂ ನಂಬಿಲ್ಲ."

ಅಂವ ಇದನ್ನೆಲ್ಲಾ ಹೇಳಾಕತ್ತಿದ್ದು ನನಗ ಅಂತ ನಾ ತಿಳಕೊಂಡಿದ್ದೆ. ತಿರುಗಿ ನೋಡಿದ್ರ, ಅವರ ಅಪ್ಪನ ಮಾರಿ ಬಿಳಚಿಕೊಂಡಿತ್ತು. ಅವರಿಗೂ ಇದು ಹೊಸಾ ಸುದ್ದಿ. ಮನ್ಯಾಗ ಮೊಣಕಾಲ ಅಂತನ ಹೇಳಿದ್ದ. ಮುದುಕ ಎದ್ದು, ಟವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು, ಯಾರ ಕಡೆಗೂ ನೋಡಲಾರದ ಹೊರಗ ನಡದ್ರು. ಹೆಂಡತಿ ಹಿಂದ ಓಡಿದ್ರು. ಹುಡುಗ ಬೂಟು ಹಾಕ್ಕೊಂಡು ಹೊರಗ ಹೋಗೂದರೊಳಗ ಕಾರು ಹೋಗಿಬಿಟ್ಟಿತ್ತು. ಅವನ್ನ ಅಲ್ಲೇ ಬಿಟ್ಟು ಹೋಗಿದ್ರು. ಅಂವ ನಮ್ಮ ಮನಿ ಕಟ್ಟಿ ಮ್ಯಾಲ ತಲಿ ತಗ್ಗಿಸಿ ಕುಂತ.

ಖರೇ ಬೇಕು, ಖರೇ ಬೇಕು ಅಂತ ಬಡಕೊಂಡಾಕಿ ನಾನ. ಸಿಕ್ಕಿತು. ಈಗ ಏನ ಮಾಡಲಿ ಅನ್ನೂದ ತಿಳೀವಲ್ಲದು.

ಮಾಮಾ ಒದರಾಕತ್ತಿದ್ದ. "ಸಂಬಂಧಾನ ಹಾಳ ಮಾಡಿದ್ಯಲ್ಲ! ಹಿಂಗ ಕೇಳ್ತಾರೇನು? ಆ ಹುಡುಗಗರೆ ಬುದ್ಧಿ ಬ್ಯಾಡ? 'ಇಲ್ಲ' ಅಂದಿದ್ರ ಮುಗೀತಿತ್ತು. ಸಾವಿರ ಸುಳ್ಳು ಹೇಳಿ ಒಂದ ಲಗ್ನ ಮಾಡು ಅಂತ ಹಿರಿಯಾರು ಸುಮ್ಮ ಹೇಳ್ಯಾರೇನು?"

ಅವ್ವ ಕಪ್ಪು ಬಶಿ ಎತ್ತಾಕತ್ತಿದ್ದಳು. ಎತ್ತೂದು ಬಿಟ್ಟು ಮಾಮಾನ ಎದುರಿಗೆ ಬಂದು ನಿಂತಳು. ಅವಳ ಧ್ವನಿ ಏರಲಿಲ್ಲ.

"ಅಣ್ಣಾ, ನನ್ನ ಲಗ್ನದಾಗ ನೀ ಎಷ್ಟ ಸುಳ್ಳ ಹೇಳಿದಿ?"

"ಅದೇನ ಮಾತವಾ ಈಗ?"

"ಅವರು ಕುಡಿಯೂದು ನಿನಗ ಗೊತ್ತಿತ್ತೇನು?"

ಮಾಮಾ ಕಿಸೆದಾಗ ಕೈ ಹಾಕಿ ತಂಬಾಕಿನ ಚೀಟು ತಗದ. ತಿಕ್ಕಲಿಲ್ಲ. ಟೀವಿ ಕಡೆ ನೋಡಿದ, ತಮ್ಮನ ಕಡೆ ನೋಡಿದ.

"ಗೊತ್ತಿತ್ತವಾ," ಅಂದ. "ಲಗ್ನ ಆದ್ರ ಬಿಡ್ತಾನ ಅಂತ ತಿಳಕೊಂಡಿದ್ನಿ."

ಅವ್ವ ತಲಿ ಅಲ್ಲಾಡಿಸಿದಳು. ಬಹಳ ದಿನದ ಸಂಶಯ ಇತ್ತೇನೋ ಆಕಿಗೆ. 'ಪಾಪ, ಅಣ್ಣಗರೆ ಏನ ಗೊತ್ತಿತ್ತು' ಅಂತ ಇಷ್ಟ ವರ್ಷ ನಮಗ ಹೇಳಿದ್ದು ತನಗ ತಾನ ಹೇಳಿಕೊಂಡದ್ದೇನೋ. ಅಡಿಗಿ ಮನಿಗೆ ಹೋಗಿ ಬಿಸಿ ಚಹಾ ಮಾಡಿದಳು. ಒಂದ ಕಪ್. ಕಟ್ಟಿ ಮ್ಯಾಲ ಕುಂತ ಹುಡುಗನ ಕೈಯಾಗ ಕೊಟ್ಟು, "ಕುಡಿಯಪಾ. ನನ್ನ ಮಗ ಬಸ್‌ಸ್ಟ್ಯಾಂಡಿಗೆ ಬಿಡ್ತಾನ," ಅಂದಳು. ಜೀವ ಹೋದ್ರೂ ಇಲ್ಲ ಅಂದಿದ್ದ ನನ್ನ ತಮ್ಮ ಎದ್ದು ಗಾಡಿ ಕೀಲಿ ಹುಡುಕಿದ.

ಮುಂದ ಸಂಬಂಧ ಕೂಡಾಕ ವರ್ಷದ ಮ್ಯಾಲ ಹಿಡೀತು. ಹುಡುಗನ ಅಪ್ಪ ಮಗನ ಜೋಡಿ ಮಾತು ಬಿಟ್ಟು, ಮತ್ತ ಹಿಡದ್ರು. ನಾ ಫೋನ್ ನಂಬರ್ ತಗೊಂಡೆ, ಬೈದೆ, ವಿಚಾರಿಸಿದೆ, ಮತ್ತ ಬೈದೆ. ಕಡೀಕ ಹೂಂ ಅಂದೆ. ಪೂರ್ತಿ ನಂಬೇನಿ ಅಂತ ಯಾರೂ ತಿಳ್ಕೋಬ್ಯಾಡ್ರಿ. ಇವತ್ತಿಗೂ ಗೋವಾದಿಂದ ಬಂದ ಕೂಡ್ಲೆ ಬೆಳಕಿನ್ಯಾಗ ನಿಲ್ಲಿಸಿ ಕಣ್ಣು ನೋಡ್ತೇನಿ. ನಮ್ಮ ಮನಿಯವರು ಅಂಗಿ ತೋಳು ಮಡಚಿ, "ತಗೋ, ರಕ್ತಾನೂ ತಗೋ," ಅಂತಾರ.

ನಮ್ಮ ಕಡೆ ಮದುಮಗಳನ್ನ ಕೈ ಹಿಡದು ಹಂದರಕ್ಕ ಕರಕೊಂಡ ಬರೂದು ಸೋದರಮಾವನ ಹಕ್ಕು. ಲಗ್ನದ ದಿನ ಮಾಮಾ ಹೊಸಾ ಧೋತರ ಉಟ್ಟು, ರುಮಾಲು ಸುತ್ತಿಕೊಂಡು, ನನ್ನ ಖೋಲಿ ಬಾಗಿಲಾಗ ಬಂದು ನಿಂತ. ಅವ್ವ ಗಂಡ ಸತ್ತಾಕಿ. ಅಪ್ಪ ಹೋದ ಮ್ಯಾಲ ಯಾರ ಹಂದರದಾಗೂ ಮುಂದ ಬಂದಾಕಿ ಅಲ್ಲ, ಹಿಂದ ಹೆಂಗಸರ ನಡುವ ನಿಲ್ಲಾಕಿ. ಆವತ್ತು ಮಂದೀನ ಸರಿಸಿಕೊಂಡು ಬಂದಳು. ಅಣ್ಣನ ಹೆಗಲ ಮ್ಯಾಲ ಕೈ ಇಟ್ಟು ಮೆಲ್ಲಕ ಬಾಜೂಕ ಸರಿಸಿದಳು. ನನ್ನ ಕೈ ಹಿಡದಳು.

"ಬಾರವಾ," ಅಂದಳು. "ನಿನ್ನ ನಾನ ಕೊಡ್ತೇನಿ."