ತವರ ಸೀರೆ ತಂದವನು

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಳಗೊಳಗೇ ನಗು. ರೈಲಿನಲ್ಲಿ ದಿನವೂ ಜೊತೆಗೆ ಬರುವವರಲ್ಲಿ ಒಬ್ಬರಿಗಾದರೂ ಏನಾದರೊಂದು ಹೊಸ ಕಥೆ ಇರುತ್ತಿತ್ತು. ಹುಣಿಸೆ ಮರದ ಕೆಳಗೆ ಕಂಡ ಹೆಂಗಸು, ಸತ್ತ ಮಾವ ಕನಸಿನಲ್ಲಿ ಬಂದು ಬಾವಿ ತೋಡುವ ಜಾಗ ತೋರಿಸಿದ್ದು, ಹೀಗೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದೆ. ಸೇಲಂನ ಒಂದು ನೂಲಿನ ಅಂಗಡಿಯಲ್ಲಿ ಲೆಕ್ಕ ಬರೆಯುವವನು ನಾನು; ಕೂಡಿದರೆ ಬರಬೇಕು, ಕಳೆದರೆ ಉಳಿಯಬೇಕು, ಅಷ್ಟೇ ನನಗೆ ತಿಳಿದಿರುವುದು. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ಇದು ಕತ್ತಲಲ್ಲಿ ನಡೆದದ್ದಲ್ಲ, ಹಾಡಹಗಲಲ್ಲಿ, ಊರಿನ ಹತ್ತಾರು ಜನರ ಎದುರಿಗೇ ನಡೆದದ್ದು. ಅಲ್ಲಿ ಇಲ್ಲದೆ ಹೋದವನು ನಾನೊಬ್ಬನೇ.

ಮೊದಲು ರೈಲಿನ ವಿಷಯ ಹೇಳಿಬಿಡುತ್ತೇನೆ. ಅದು ಹೊತ್ತಿಗೆ ಸರಿಯಾಗಿ ಹೋಗಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನನ್ನ ಮನೆ ಬೊಮ್ಮಿಡಿಯಲ್ಲಿ. ಬೆಳಿಗ್ಗೆ ಸೇಲಂಗೆ, ಸಂಜೆ ವಾಪಸ್ಸು, ವರ್ಷಗಳಿಂದ ಇದೇ ಪಾಡು. ನಮ್ಮ ಪ್ಯಾಸೆಂಜರ್ ಗಾಡಿ ಎಲ್ಲರಿಗೂ ದಾರಿ ಬಿಡುವ ಗಾಡಿ. ಎಕ್ಸ್‌ಪ್ರೆಸ್ ಬಂದರೆ ಪಕ್ಕದ ಹಳಿಗೆ ಸರಿದು ನಿಲ್ಲುತ್ತದೆ, ಗೂಡ್ಸ್ ಬಂದರೂ ನಿಲ್ಲುತ್ತದೆ, ಯಾವುದೂ ಬರದಿದ್ದರೂ ಒಮ್ಮೊಮ್ಮೆ ನಿಲ್ಲುತ್ತದೆ. ಮೈಕಿನಲ್ಲಿ ಒಬ್ಬ ಹೆಂಗಸು ಮೂರು ಭಾಷೆಯಲ್ಲಿ ವಿಷಾದ ಹೇಳುತ್ತಾಳೆ. ಆ ಮೂರರಲ್ಲಿ ನಮ್ಮ ಮನೆಮಾತು ಕನ್ನಡ ಇಲ್ಲದ್ದರಿಂದ ನಮ್ಮನ್ನು ಬಿಟ್ಟು ಉಳಿದವರೆಲ್ಲರ ಕ್ಷಮೆ ಕೇಳುತ್ತಿದ್ದಾಳೆ ಎಂದು ನಾನು ತಮಾಷೆ ಮಾಡುತ್ತಿದ್ದೆ. ಈ ಗಾಡಿಯ ದಯೆಯಿಂದ ನಾನು ನೆಂಟರಿಷ್ಟರ ಎಷ್ಟು ಧಾರೆ ಮುಹೂರ್ತ ತಪ್ಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಎಲೆ ಎತ್ತಿದ ಮೇಲೆ ಹೋಗಿ ಅಡುಗೆಯವರ ಜೊತೆ ಕೂತು ಉಂಡು ಬರುವುದು ನನಗೆ ರೂಢಿಯಾಗಿಬಿಟ್ಟಿತ್ತು.

ಅಕ್ಕ ಮಾದಮ್ಮ ನನಗಿಂತ ಬಹಳ ದೊಡ್ಡವಳು. ನಾವು ಹುಟ್ಟಿದ್ದು ಕೊಳತ್ತೂರಿನ ಮೇಲಿರುವ ಪಾಲಮಲೆಯಲ್ಲಿ. ಅವ್ವ ಹೋದಾಗ ನನಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಮುದ್ದೆ ಮುರಿದು ಬಾಯಿಗಿಟ್ಟವಳು, ಜ್ವರ ಬಂದಾಗ ಬೆನ್ನಿಗೆ ಕಟ್ಟಿಕೊಂಡು ಮಲೆಯಿಳಿದು ಆಸ್ಪತ್ರೆಗೆ ಹೊತ್ತವಳು, ಶಾಲೆ ತಪ್ಪಿಸಿದರೆ ಬರಲು ಕಡ್ಡಿಯಲ್ಲಿ ಬಾರಿಸಿದವಳು, ಎಲ್ಲ ಅವಳೇ. ಮೊರಪ್ಪೂರಿನ ಆಚೆಯ ಒಂದು ಹಳ್ಳಿಗೆ, ಕುರಿ ಸಾಕುವ ಕನ್ನಡದ ಮನೆಗೇ ಅವಳನ್ನು ಕೊಟ್ಟರು. ಮಕ್ಕಳಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ನಾನೂ ಮಲೆ ಬಿಟ್ಟೆ. ಮೇಲೆ ಈಗ ಚಿಕ್ಕಪ್ಪನ ಮಗನ ಸಂಸಾರ ಒಂದಿದೆ, ಹಬ್ಬಕ್ಕೊಮ್ಮೆ ಫೋನಿನಲ್ಲಿ ಮಾತಾಡುವಷ್ಟು ಬಳಕೆ. ಹಾಗಾಗಿ ಅಕ್ಕನಿಗೆ ತವರು ಎಂದರೆ ನಾನೊಬ್ಬನೇ.

ನಮ್ಮ ಜನರಲ್ಲಿ ಹೆಣ್ಣುಮಗಳು ಸತ್ತರೆ ತವರಿನವರು ಹೊಸ ಸೀರೆ ತಂದು ಹೊದಿಸಬೇಕು. ಗಂಡನ ಮನೆಯವರು ಎಷ್ಟೇ ಉಳ್ಳವರಾಗಿರಲಿ, ಅದು ಬರುವವರೆಗೆ ಚಟ್ಟ ಎತ್ತುವುದಿಲ್ಲ. ಅದು ಬಂದು ಮೈಮೇಲೆ ಬಿದ್ದ ಮೇಲೆ ಯಾರಿಗಾಗಿಯೂ ಕಾಯುವುದಿಲ್ಲ. ಅಕ್ಕ ಈ ವಿಷಯವನ್ನು ಸಂತೆಯ ಮಾತಿನಷ್ಟು ಸಲೀಸಾಗಿ ಆಡುತ್ತಿದ್ದಳು. "ನಂಗೆ ಸಿಲ್ಕು ಗಿಲ್ಕು ಬ್ಯಾಡ ಕಣ್ಲಾ, ನೂಲಿನ್ ಸೀರೆ ತತ್ತಾ. ನೀ ಬರಾಗಂಟ ನಾ ಓಗಾಕಿಲ್ಲ, ಬಿದ್ದಿರ್ತೀನಿ. ರೈಲು ಲೇಟು ಅಂತ ಮಾತ್ರ ಯೋಳ್ಬ್ಯಾಡ," ಎಂದು ನಗುತ್ತಿದ್ದಳು. ನಾನು ಬೈದು ಬಾಯಿ ಮುಚ್ಚಿಸುತ್ತಿದ್ದೆ.

ಅವಳು ಹೋದ ಬೆಳಿಗ್ಗೆ ನಾನು ಸೇಲಂ ತಲುಪಿ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಭಾವನ ಫೋನು ಬಂತು. ಕುರಿ ಬಿಡಲು ಹಟ್ಟಿಯ ಬಾಗಿಲು ತೆಗೆದವಳು ಎದೆ ಹಿಡಿದುಕೊಂಡು ಅಲ್ಲೇ ಕೂತಳಂತೆ, ಮತ್ತೆ ಏಳಲಿಲ್ಲವಂತೆ. "ಆಸ್ಪತ್ರಿಗೆ ಓಗಾಕೂ ಟೈಮ್ ಕೊಡ್ನಿಲ್ಲ ಕಣಪ್ಪಾ. ಸೀಕ್ರಂ ಬಾ. ಒತ್ತು ಮುಳುಗೋದ್ರೊಳಗೆ ಎತ್ಬೇಕು," ಎಂದರು. ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಈರೋಡಿಗೆ ಹೋಗಿದ್ದಳು. ಮಲೆಯ ಮೇಲಿನ ಚಿಕ್ಕಪ್ಪನ ಮಗನಿಗೆ ಎರಡು ಮೂರು ಸಲ ಫೋನು ಹಚ್ಚಿದೆ, ಸಿಗಲಿಲ್ಲ.

ಆಗಷ್ಟೇ ಬಾಗಿಲು ತೆಗೆದಿದ್ದ ಒಂದು ಬಟ್ಟೆ ಅಂಗಡಿಗೆ ನುಗ್ಗಿ ಕೆಂಪು ಅಂಚಿನ ಹಳದಿ ನೂಲಿನ ಸೀರೆ ತೆಗೆದುಕೊಂಡೆ. ಯಾರಿಗೆ ಎಂದು ಅಂಗಡಿಯವನು ಕೇಳಿದ. ಅಕ್ಕನಿಗೆ ಎಂದೆ. ಹೊಂದುವ ರವಿಕೆ ಬಟ್ಟೆಯೂ ಇದೆ, ತೋರಿಸಲೇ ಎಂದ. ನಾನು ಬೇಡ ಎಂದು ತಲೆಯಾಡಿಸಿದೆ. ಅವನು ಸೀರೆಯನ್ನು ಹಳದಿ ಬಟ್ಟೆಚೀಲಕ್ಕೆ ಹಾಕಿ ನಗುನಗುತ್ತಾ ಕೊಟ್ಟ. ಆ ನಗು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಬಸ್ಸಾದರೆ ಧರ್ಮಪುರಿಗೆ ಹೋಗಿ ಅಲ್ಲಿಂದ ಇನ್ನೊಂದು ಹಿಡಿಯಬೇಕು. ರೈಲಾದರೆ ಬೊಮ್ಮಿಡಿ ದಾಟಿ ನೇರ ಮೊರಪ್ಪೂರಿಗೆ; ಅದು ಸರಿಯಾದ ಸಮಯಕ್ಕಿದೆ ಎಂದು ಫೋನು ತೋರಿಸಿತು. ಮಧ್ಯಾಹ್ನದ ಗಾಡಿ ಹತ್ತಿ, ಹೊರಟಿದ್ದೇನೆ, ಸೀರೆ ನನ್ನ ಹತ್ತಿರ ಇದೆ ಎಂದು ಭಾವನಿಗೆ ತಿಳಿಸಲು ಹೋದೆ. ನಾನು ರೈಲು ಹತ್ತಿದೆ ಎನ್ನುವಷ್ಟರಲ್ಲಿ ಅವರ ಕಡೆ ತಮಟೆಯ ಸದ್ದು ಜೋರಾಯಿತು. ಸೀರೆಯ ಮಾತು ಅವರ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಡ್ಯಾನಿಶ್‌ಪೇಟೆ ದಾಟಿ ಕಾಡು ಶುರುವಾದ ಮೇಲೆ ಗಾಡಿ ನಿಂತಿತು. ಮೊದಲು ಯಾರೂ ತಲೆ ಎತ್ತಲಿಲ್ಲ. ಅಲ್ಲಿ ನಿಲ್ಲುವುದು ನಮಗೆ ಹೊಸದಲ್ಲ. ಆಮೇಲೆ ಫ್ಯಾನೂ ನಿಂತಿತು. ಒಬ್ಬ ಎಂಜಿನ್ ಕೆಟ್ಟಿದೆ ಎಂದ, ಇನ್ನೊಬ್ಬ ಮೇಲಿನ ತಂತಿ ಎಂದ, ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ನಾನು ಕೆಳಗಿಳಿದು ಜಲ್ಲಿಯ ಮೇಲೆ ಎಂಜಿನ್‌ವರೆಗೂ ನಡೆದು ಹೋದೆ. ನಮ್ಮ ಮನೆಯಲ್ಲಿ ಸಾವಾಗಿದೆ ಎಂದು ಅಲ್ಲಿದ್ದವರಿಗೆ ಹೇಳಿದೆ. ಪಾಪ, ಅವರೂ ಬೆವರಿಕೊಂಡು ಯಾರ ಮಾತಿಗೋ ಕಾಯುತ್ತಿದ್ದರು. ಸುತ್ತ ಕಾಡು, ರಸ್ತೆ ಎಲ್ಲೋ. ತಿರುಗಿ ಬಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಬಿಸಿಲು ಕಿಟಕಿಯ ಸರಳು ದಾಟಿ ಮೊಣಕಾಲಿಗೆ ಬಂತು, ಆಮೇಲೆ ಎದೆಗೆ ಬಂತು. ಹೊತ್ತು ಇಳಿಯುತ್ತಿದೆ ಎಂದು ನನಗೆ ಗೊತ್ತಾಗುತ್ತಿದ್ದದ್ದು ಹಾಗೆ. ಹಲ್ಲು ಕಚ್ಚಿಕೊಂಡು ಆ ಗಾಡಿಯನ್ನು ಶಪಿಸಿದೆ. ಅತ್ತದ್ದೂ ನಿಜ.

ಆಗ ಒಂದು ಸಂಗತಿ ನಡೆಯಿತು. ಹೇಳಿಕೊಳ್ಳುವಂಥದ್ದೇನೂ ಅಲ್ಲ ಅದು. ಇದ್ದಕ್ಕಿದ್ದಂತೆ ನನ್ನ ಸಂಕಟ ಇಳಿದುಹೋಯಿತು. ತಲೆಹೊರೆಯನ್ನು ಯಾರೋ ಕೈಕೊಟ್ಟು ಇಳಿಸಿಕೊಂಡ ಹಾಗೆ ಎದೆ ಹಗುರವಾಯಿತು. ಇನ್ನು ಅವಸರವಿಲ್ಲ, ಎಲ್ಲ ಆಯಿತು ಎನ್ನಿಸಿತು. ಎದುರಿಗೆ ಕೂತಿದ್ದ ಕಡಲೆಕಾಯಿ ಮಾರುವ ಹೆಂಗಸು ನಾನು ಅತ್ತದ್ದನ್ನು ನೋಡಿದ್ದಳು. "ಸಾಪ್ಡುಂಗ ಅಣ್ಣಾ," ಎಂದು ಒಂದು ಹಿಡಿ ಕೈಗೆ ಹಾಕಿದಳು. ನಾನು ತಿಂದೆ. ರುಚಿಯಾಗಿತ್ತು. ಅಕ್ಕ ಅಂಗಳದಲ್ಲಿ ಮಲಗಿರುವಾಗ ಕಡಲೆಕಾಯಿ ರುಚಿ ನೋಡುತ್ತಿದ್ದೇನಲ್ಲ ಎಂದು ನಾಚಿಕೆಯಾದರೂ ಕೈ ನಿಲ್ಲಲಿಲ್ಲ.

ಗಾಡಿ ಹೊರಟು ಮೊರಪ್ಪೂರು ಸೇರುವಾಗ ದೀಪ ಹಚ್ಚುವ ಹೊತ್ತು. ಆಟೋ ಹಿಡಿದು ಹಳ್ಳಿ ತಲುಪಿದರೆ ಅಂಗಳ ತೊಳೆದಿತ್ತು. ಚಪ್ಪರದ ಕೆಳಗೆ ಒದ್ದೆ ತಲೆಯ ಗಂಡಸರು ಕೂತಿದ್ದರು. ಅಂಗಳ ತೊಳೆದರೆ ಎಲ್ಲ ಮುಗಿಯಿತು ಎಂದೇ ಅರ್ಥ. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ತವರ ಸೀರೆ ಇಲ್ಲದೆ ಹೇಗೆ ಎತ್ತಿದಿರಿ, ನನ್ನಕ್ಕ ಯಾರೂ ಇಲ್ಲದವಳೇ ಎಂದು ಚೀಲ ಎತ್ತಿ ಹಿಡಿದು ಕೂಗಾಡಿದೆ.

ಭಾವ ನನ್ನ ಮುಖವನ್ನೂ ಚೀಲವನ್ನೂ ನೋಡಿದರು. "ಸೀರೆ ಬಂತಲ್ಲಪ್ಪಾ. ನೀನೇ ಕಳಿಸಿದ್ಯಲ್ಲ," ಎಂದರು.

ಯಾರೋ ಒಬ್ಬ ಬಂದಿದ್ದನಂತೆ. ಹೆಗಲ ಮೇಲೆ ಕಂಬಳಿ, ತಲೆಗೆ ಟವೆಲ್ಲು. ಹಳಿಯ ಕಡೆಯ ಕಾಲುದಾರಿಯಲ್ಲಿ ನಡೆದು ಬಂದು ಅಂಗಳದಲ್ಲಿ ನಿಂತು, ಪಾಲಮಲೆಯವನು, ತವರಿಂದ ಸೀರೆ ತಂದಿದ್ದೇನೆ ಎಂದನಂತೆ. "ತಮ್ಮ ರೈಲಲ್ಲಿ ಸಿಕ್ಕಾಕೊಂಡವ್ನೆ, ಒತ್ತಿಗೆ ಬರಾಕಿಲ್ಲ. ಕಾಯಬ್ಯಾಡಿ, ಎತ್ರಿ," ಎಂದನಂತೆ. ಹೆಸರು ಕೇಳಲಿಲ್ಲವೇ ಎಂದೆ. "ಮೋರೆ ನಿಮ್ಮನೇದೇ ಕಣಪ್ಪಾ. ಅದ್ಕೇ ಯಾರೂ ಕೇಳ್ನಿಲ್ಲ," ಎಂದರು ಭಾವ. ಅವನು ತಾನೇ ಬಾಗಿ ಸೀರೆ ಹೊದಿಸಿದನಂತೆ. ಮಸಣದವರೆಗೂ ಹೆಗಲು ಕೊಟ್ಟನಂತೆ. ಮಣ್ಣು ಹಾಕಿ ಎಲ್ಲರೂ ಬಾವಿಯ ಮೋಟರ್ ಮನೆಯ ತೊಟ್ಟಿಯಲ್ಲಿ ಮೀಯಲು ಹೋದಾಗ ಅವನೂ ಬಂದಿರಬೇಕೆಂದು ಎಲ್ಲರೂ ಅಂದುಕೊಂಡರು. ಆಮೇಲೆ ಅವನನ್ನು ಕಂಡವರಿಲ್ಲ.

ಅಕ್ಕನ ಓರಗಿತ್ತಿ ಸಿದ್ದಮ್ಮ ಅವಳಿಗೆ ಕೊನೆಯ ಸ್ನಾನ ಮಾಡಿಸಿದವಳು. ಸೀರೆ ಹೇಗಿತ್ತು ಎಂದು ಕೇಳಿದೆ. "ನೂಲಿಂದೇ ಅಣ್ಣಾ. ಕಡುಗೆಂಪು, ದಪ್ಪ ನೇಯ್ಗೆ, ಬಳ್ಳಿಯಂಗೆ ಸಣ್ಣ ಅಂಚು. ಈಗೆಲ್ಲಿ ಸಿಕ್ತದೆ ಅಂತದ್ದು," ಎಂದಳು. ಎಡಪ್ಪಾಡಿಯ ಬಟ್ಟೆ ವ್ಯಾಪಾರಿಗಳು ಹಿಂದೆ ಗಂಟು ಹೊತ್ತು ಮಲೆ ಹತ್ತಿ ಬಂದು ಅಂಥ ಸೀರೆಗಳನ್ನು ಮಾರುತ್ತಿದ್ದರು. ಅವ್ವ ಉಡುತ್ತಿದ್ದದ್ದು ಅದೇ.

ತಂದ ಸೀರೆಯನ್ನು ಸಮಾಧಿಯ ಮೇಲಾದರೂ ಹೊದಿಸುತ್ತೇನೆ ಎಂದು ಹೊರಟೆ. ಭಾವ ಕೈ ಹಿಡಿದು ನಿಲ್ಲಿಸಿದರು. "ಬ್ಯಾಡಪ್ಪಾ. ತವರ ಸೀರೆ ಎಲ್ಡು ಸಲ ಬರಬಾರ್ದು. ಎಲ್ಡನೇದು ಮನೇಲಿ ಇನ್ನೊಬ್ಬರನ್ನ ಕೇಳ್ತದೆ." ಕತ್ತಲಲ್ಲಿ ಆ ಮಣ್ಣಿನ ಗುಡ್ಡೆಯ ಹತ್ತಿರ ಬರಿಗೈಯಲ್ಲಿ ಕೂತು ಬಂದೆ.

ಹಾಲುತುಪ್ಪ ಮುಗಿದ ಮೇಲೆ ನಾನು ಸುಮ್ಮನಿರಲಿಲ್ಲ. ಪಾಲಮಲೆ ಹತ್ತಿದೆ. ಚಿಕ್ಕಪ್ಪನ ಮಗನಿಗೆ ಅಕ್ಕ ಸತ್ತ ಸುದ್ದಿಯೇ ಎರಡು ದಿನ ತಡವಾಗಿ ಮುಟ್ಟಿತ್ತು. ಅಲ್ಲಿನ ಒಂದೊಂದು ಮನೆಗೂ ಹೋಗಿ ಕೇಳಿದೆ. ಆ ದಿನ ಯಾರೂ ಮೊರಪ್ಪೂರಿನ ಕಡೆ ಇಳಿದಿರಲಿಲ್ಲ. ನಮ್ಮ ಬಳಗದವರು ಎಲ್ಲೆಲ್ಲಿದ್ದಾರೋ ಅಲ್ಲೆಲ್ಲ ವಿಚಾರಿಸಿದೆ. ನಾನು ಹೋಗಿದ್ದೆ ಎಂದವರು ಒಬ್ಬರೂ ಇಲ್ಲ. ನನಗೆ ತೋಚುವ ಸಮಾಧಾನಗಳನ್ನೂ ಹೇಳಿಬಿಡುತ್ತೇನೆ. ಸಾವಿನ ಮನೆಯಲ್ಲಿ ಯಾರು ಬಂದರು, ಯಾರು ಹೋದರು ಎಂದು ನೆನಪಿಡುವವರಿಲ್ಲ. ಬೇರೆ ಯಾವ ಮನೆಯ ಸಾವಿಗೋ ಹೊರಟ ಮನುಷ್ಯ ದಾರಿ ತಪ್ಪಿ ಬಂದಿರಬಹುದು. ನಾನು ರೈಲು ಹತ್ತಿದ್ದು ಭಾವನಿಗೆ ಗೊತ್ತಿತ್ತು, ಅಂಗಳದಲ್ಲಿ ಆ ಮಾತು ಬಂದವನ ಕಿವಿಗೆ ಬಿದ್ದಿರಬಹುದು. ನಮ್ಮ ರೈಲು ದಾರಿಯಲ್ಲಿ ಸಿಕ್ಕಿಕೊಂಡಿದೆ ಎಂದು ಊಹಿಸಲು ದೊಡ್ಡ ಜಾಣತನವೇನೂ ಬೇಕಿಲ್ಲ. ಆದರೆ ಪಾಲಮಲೆ ಎಂಬ ಹೆಸರು? ಇಲ್ಲಿಗೆ ಬಂದಾಗ ನನ್ನ ಲೆಕ್ಕ ಕೂಡುವುದಿಲ್ಲ.

ಫೋಟೋ ತೆಗೆದವರಿಲ್ಲವೇ ಎಂದು ನೀವು ಕೇಳುತ್ತೀರಿ. ಬೀದಿಯ ಹುಡುಗಿಯೊಬ್ಬಳು ಫೋನಿನಲ್ಲಿ ಒಂದು ತೆಗೆದಿದ್ದಾಳೆ. ಕಡುಗೆಂಪು ಸೀರೆ ಇದೆ. ಬಾಗಿದವನ ಬೆನ್ನಿದೆ, ಕಂಬಳಿಯಿದೆ. ಅವನ ಮುಖ ಕಾಣುವುದಿಲ್ಲ. ಅವನ ಮರೆಯಲ್ಲಿ ಅಕ್ಕನ ಮುಖವೂ ಕಾಣುವುದಿಲ್ಲ.

ಅವನಿಗೆ ಕೈ ಮುಗಿಯಬೇಕೋ ಅವನ ಕೊರಳುಪಟ್ಟಿ ಹಿಡಿಯಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಅವನು ಬಂದದ್ದರಿಂದ ಅಕ್ಕ ತವರಿಲ್ಲದವಳಂತೆ ಹೋಗಲಿಲ್ಲ. ಅವನು ಬಾರದೆ ಇದ್ದಿದ್ದರೆ ಸೀರೆಗಾಗಿ ಅವರು ಕಾಯುತ್ತಿದ್ದರು, ಹೊತ್ತು ಮುಳುಗಿದರೂ ಕಾಯುತ್ತಿದ್ದರು, ನಾನು ಅವಳನ್ನು ನೋಡುತ್ತಿದ್ದೆ. ನನ್ನನ್ನು ಸಾಕಿದವಳ ಮುಖವನ್ನು ಕೊನೆಗೊಮ್ಮೆ ನೋಡುವ ಪಾಲು ನನ್ನದಾಗಿತ್ತು. ಅದು ಅವನ ಪಾಲಾಯಿತು.

ಅದೇ ಗಾಡಿಯಲ್ಲಿ ಈಗಲೂ ಓಡಾಡುತ್ತೇನೆ, ಅದು ಈಗಲೂ ನಿಲ್ಲುತ್ತದೆ. ನೀನು ಯಾರು ಎಂದು ಅವನನ್ನು ಕೇಳುವ ಹಟ ಮಾತ್ರ ನನ್ನಲ್ಲಿ ಉಳಿದಿಲ್ಲ. ಅಕ್ಕ ಹೇಗೆ ಕಾಣುತ್ತಿದ್ದಳು ಎಂದು ಭಾವನನ್ನು ಕೇಳಿದೆ, ಮಲಗಿದಂಗಿತ್ತು ಎಂದರು. ಸಿದ್ದಮ್ಮನೂ ಮಲಗಿದಂಗಿತ್ತು ಎಂದಳು. ಸತ್ತವರೆಲ್ಲರ ಬಗ್ಗೆಯೂ ಜನ ಹೇಳುವುದು ಅದನ್ನೇ. ತವರಿನವನಾಗಿ ಅವಳ ಮೇಲೆ ಬಾಗಿ ನೋಡಿದವನು ಅವನೊಬ್ಬನೇ. ಎಂದಾದರೂ ಸಿಕ್ಕರೆ ಇಷ್ಟೇ ಕೇಳುತ್ತೇನೆ: ನನ್ನಕ್ಕನ ಮುಖ ಹೇಗಿತ್ತಪ್ಪಾ, ನಾನು ಬರುವ ದಾರಿಯ ಕಡೆ ನೋಡುತ್ತಿದ್ದಳಾ?