ಬ್ಯಾಡ್ಜು ಕುಡಿಯದ ರಸ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಎಕ್ಸ್‌ರೇ ತೆಗೆದವರಿಗೆ ಎಲ್ಲರೂ ಇಟ್ಟ ಹೆಸರು ಉಸಿರಣ್ಣ. “ಉಸಿರು ಬಿಗಿಹಿಡೀರಿ” ಎಂದು ದಿನಕ್ಕೆ ನೂರು ಸಲ ಹೇಳುತ್ತಿದ್ದರಲ್ಲ, ಅದಕ್ಕೆ.

ಐವತ್ತು ತುಂಬಿದ ವರ್ಷ ಅವರಿಗೆ ಸೊಂಟ ಹಿಡಿಯಿತು. ಕಿರಣ ತಡೆಯುವ ಸೀಸದ ಏಪ್ರನ್ ಹೊತ್ತರೆ ಜೀವ ಹೋದಂತಾಗುತ್ತಿತ್ತು. ಅದೇ ಹೊತ್ತಿಗೆ ಪತ್ರಿಕೆಯಲ್ಲೊಂದು ಲೇಖನ ಕಣ್ಣಿಗೆ ಬಿತ್ತು. ವಿಕಿರಣ ಮೈಯೊಳಗೆ ಹೊಕ್ಕರೆ ಪುಂಡ ಕಣಗಳು ಹುಟ್ಟಿ ಜೀವಕೋಶಗಳನ್ನು ಕೆಡಿಸುತ್ತವೆ. ಹಣ್ಣು, ತರಕಾರಿಗಳ ಆ್ಯಂಟಿಆಕ್ಸಿಡೆಂಟ್‌ಗಳು ಅವುಗಳ ಕೊಬ್ಬು ಇಳಿಸಬಹುದು. ಕೊನೆಯ ‘ಬಹುದು’ ಅವರ ಕಣ್ಣಿಗೆ ಬಿತ್ತೋ ಇಲ್ಲವೋ, ಹೇಳುವುದು ಕಷ್ಟ.

ಮರುದಿನದಿಂದಲೇ ಬೆಳಿಗ್ಗೆ ಎರಡು ದೊಡ್ಡ ಲೋಟ ಕಿತ್ತಳೆ ರಸ, ಮಧ್ಯಾಹ್ನ ಇನ್ನೊಂದು. ಏಪ್ರನ್ ಗೂಟಕ್ಕೆ ನೇತುಬಿತ್ತು. ಅಳುವ ಮಕ್ಕಳನ್ನು ಯಂತ್ರದ ಮುಂದೆ ತಾವೇ ಹಿಡಿದು ನಿಲ್ಲತೊಡಗಿದರು.

“ಅಣ್ಣಾ, ಏಪ್ರನ್?” ಗುಂಡಿ ಒತ್ತಬೇಕಿದ್ದ ಸಹೋದ್ಯೋಗಿ ಕೇಳಿದಳು.

“ಒಳಗೇ ಹಾಕ್ಕೊಂಡಿದೀನಮ್ಮ, ನೀನು ಒತ್ತು.”

ಮೂರು ತಿಂಗಳಿಗೊಮ್ಮೆ, ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು ಪರೀಕ್ಷೆಗೆ ಹೋಗುತ್ತದೆ. ಎಷ್ಟು ವಿಕಿರಣ ಬಿದ್ದಿದೆಯೆಂದು ಅದು ಚಾಡಿ ಹೇಳುತ್ತದೆ. ಈ ಸಲದ ವರದಿ ಬಂದ ದಿನ ಸುರಕ್ಷತಾ ಅಧಿಕಾರಿ ಅವರನ್ನು ಕರೆಸಿದರು. ವಯಸ್ಸಿನಲ್ಲಿ ಮಗಳಂಥವರು.

“ಏನಣ್ಣ ಇದು, ಇಷ್ಟೊಂದು ಏರಿದೆ?”

“ದಿನಾ ರಸ ಕುಡೀತೀನಲ್ಲ ಮೇಡಂ.”

“ನೀವು ಕುಡಿದ್ರಿ, ಸರಿ. ಬ್ಯಾಡ್ಜಿಗೆ ಕುಡಿಸಿದ್ರಾ?”

ಉಸಿರಣ್ಣ ಎದೆಯ ಬ್ಯಾಡ್ಜನ್ನು ಮುಟ್ಟಿ ನೋಡಿಕೊಂಡರು. ಆಕೆಯೇ ಮೆತ್ತಗಾದರು. “ಹಣ್ಣು ತಿನ್ನಿ, ಬೇಡ ಅಂದೋರ್ಯಾರು? ಇಲಿಗಳಲ್ಲಿ ಒಂಚೂರು ಉಪಯೋಗ ಕಂಡಿದೆ. ಮನುಷ್ಯರ ವಿಷಯ ಇನ್ನೂ ಗಟ್ಟಿಯಾಗಿ ಹೇಳೋಕಾಗಲ್ಲ. ಒಳಗಿನ ಪೆಟ್ಟು ಸ್ವಲ್ಪ ತಗ್ಗಿಸಿದ್ರೂ ತಗ್ಗಿಸಬಹುದು. ಬರೋ ಕಿರಣಾನ ತಡೆಯೋದು ಮಾತ್ರ ಸೀಸಾನೇ.”

ಮೂರು ತಿಂಗಳ ಮಟ್ಟಿಗೆ ಉಸಿರಣ್ಣನಿಗೆ ಹಳೆಯ ಕಡತಗಳ ಕೋಣೆಗೆ ಎತ್ತಂಗಡಿಯಾಯಿತು. ಜೊತೆಗೆ ರಕ್ತಪರೀಕ್ಷೆ. ರಕ್ತಕಣಗಳೆಲ್ಲ ಸರಿಯಾಗಿದ್ದವು, ಏರಿದ್ದು ಸಕ್ಕರೆ.

“ಕಿರಣ ಏನೂ ಮಾಡಿಲ್ವಂತೆ ರೀ,” ಹೆಂಡತಿ ವರದಿ ಮಡಚಿಟ್ಟಳು. “ಮಾಡಿರೋದೆಲ್ಲ ರಸಾನೇ.” ರಸ ಹಿಂಡುವ ಯಂತ್ರ ಅಟ್ಟ ಸೇರಿತು. ದಿನಕ್ಕೊಂದು ಇಡೀ ಕಿತ್ತಳೆ ತಿನ್ನಲು ಅನುಮತಿ ಸಿಕ್ಕಿತು.

ಎಕ್ಸ್‌ರೇ ಕೋಣೆಗೆ ಮರಳಿದಾಗ ಅಧಿಕಾರಿ ಎರಡು ತುಂಡಿನ, ಸೊಂಟಕ್ಕೆ ಹಗುರಾದ ಏಪ್ರನ್ ತರಿಸಿಟ್ಟಿದ್ದರು. ಮೊದಲ ರೋಗಿ ಕೈ ಮುರಿದುಕೊಂಡ ಪುಟ್ಟ ಹುಡುಗಿ. ಉಸಿರಣ್ಣ ಏಪ್ರನ್ನನ್ನು ಅವಳ ತಾಯಿಗೆ ತೊಡಿಸಿ, ಮಗುವನ್ನು ಹೇಗೆ ಹಿಡಿಯಬೇಕೆಂದು ತೋರಿಸಿ, ತಾವು ಸೀಸದ ಗಾಜಿನ ಹಿಂದಕ್ಕೆ ಸರಿದರು.

“ನೀವ್ಯಾಕೆ ಅಲ್ಲಿಗೆ ಹೋಗ್ತೀರಿ? ಹೆದರಿಕೇನಾ?” ಎಂದಳು ತಾಯಿ.

“ಹೂಂ ತಾಯಿ,” ಎಂದು ಗುಂಡಿ ಒತ್ತಿದರು.