‘ಆತ’ ಮತ್ತು ‘ಆತಾ’

೨೦೦೩ರಲ್ಲಿ ನಾನು ಪುಣೆಯ ವಿಮಾನ ನಗರದ ಒಂದು ರೆಸ್ಟೋರೆಂಟಿನಲ್ಲಿ ಶನಿವಾರಗಳ ಸೌಂಡ್ ಆಪರೇಟರ್ ಆಗಿದ್ದೆ. ವೇದಿಕೆಯ ಎದುರು, ಅಡುಗೆಮನೆಯ ಬಾಗಿಲಿನ ಪಕ್ಕ, ಮಿಕ್ಸರ್ ಇಟ್ಟುಕೊಂಡು ಕೂರುವುದು ನನ್ನ ಕೆಲಸ. ಹಾಡುಗಾರನ ದನಿ, ಗಿಟಾರ್, ಡ್ರಮ್ಸ್ ಎಲ್ಲವೂ ಬೇರೆ ಬೇರೆ ಕೇಬಲ್‌ಗಳಲ್ಲಿ ನನ್ನ ಬಳಿಗೆ ಬರುತ್ತಿದ್ದವು. ಯಾವುದು ಎಷ್ಟು ಕೇಳಿಸಬೇಕು ಎಂದು ನೋಡಿ ನಾನು ಸ್ಪೀಕರಿಗೆ ಬಿಡುತ್ತಿದ್ದೆ. ನನಗಾಗ ಇಪ್ಪತ್ತಮೂರು ವರ್ಷ. ಮನೆ ಬಿಬವೇವಾಡಿಯಲ್ಲಿ. ಮನೆಯೊಳಗೆ ಧಾರವಾಡದ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ.

ದಿನಚರಿ ಬರೆಯುವ ಚಟ ನನಗೆ ಆಗಲೂ ಇತ್ತು. ಅಂದಂದಿನ ಸೆಟ್‌ಲಿಸ್ಟ್, ಅಂದರೆ ಹಾಡುಗಳ ಕ್ರಮ, ಬರೆದುಕೊಂಡು ಒಂದೊಂದರ ಎದುರಿಗೂ ಗುರುತು ಹಾಕುತ್ತಿದ್ದೆ. ಜನ ಜೊತೆಗೆ ಹಾಡಿದರೆ ಗೆರೆ, ತಟ್ಟೆ ನೋಡುತ್ತ ಕೂತರೆ ಸೊನ್ನೆ. ನಮ್ಮದು ಕವರ್ ಬ್ಯಾಂಡ್. ಬೇರೆಯವರ ಜನಪ್ರಿಯ ಹಾಡುಗಳನ್ನು ರೆಕಾರ್ಡಿನಲ್ಲಿ ಇದ್ದಂತೆಯೇ ನುಡಿಸುವುದು ಅದರ ಕಸುಬು. ಗಿಟಾರಿನ ಒಂದು ಸ್ವರ ಆಚೀಚೆಯಾದರೂ ಮುಂದಿನ ಟೇಬಲ್ಲಿನ ಕಾಲೇಜು ಹುಡುಗರು ಹುಬ್ಬೇರಿಸುತ್ತಿದ್ದರು. ಹಾಗಾಗಿ ನನ್ನ ಪುಟಗಳಲ್ಲಿ ಗೆರೆಗಳೇ ತುಂಬಿದ್ದವು.

ಹಾಡುವವನು ವಿರೂಪಾಕ್ಷ. ಗೋಕಾಕದ ಕಡೆಯವನು, ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಮಷಿನ್ ಆಪರೇಟರ್. ಯಾವ ಗಾಯಕನ ದನಿಯನ್ನಾದರೂ ತನ್ನ ಗಂಟಲಿಗೆ ತಂದುಕೊಳ್ಳುತ್ತಿದ್ದ. ನಿಂತಲ್ಲಿ ನಿಲ್ಲುವ ಆಸಾಮಿಯಲ್ಲ. ಎರಡು ಹಾಡುಗಳ ನಡುವೆಯೂ ಕಾಲು ಕುಣಿಸುತ್ತ, ಮೈಕಿನ ವಯರನ್ನು ಕೈಗೆ ಸುತ್ತುತ್ತ ಬಿಚ್ಚುತ್ತ ಇರುತ್ತಿದ್ದ. ನಾನು ಎಲ್ಲವನ್ನೂ ಬರೆದಿಡುತ್ತೇನೆಂದು ನನ್ನನ್ನು ‘ಬಾಯಾರ’ ಎಂದು ಕರೆಯುತ್ತಿದ್ದ. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವ ರೀತಿ ಅದು.

“ಬಾಯಾರ, ಎಲ್ಲಾರ ದನಿ ತಗದು ತಗದು ನನ್ನ ದನಿ ಯಾವುದಂತ ಮರತs ಹೋಗೇತಿ,” ಎಂದ ಒಂದು ದಿನ. “ನಂದೊಂದು ಹಾಡ ಐತಿ. ಅದನ್ನ ಹಾಡಾಕ ಬಿಡಲಿಲ್ಲಂದ್ರ ಈ ಮೈಕ್ ಹಿಡಿಯೂದ ಸಾಕ ಮಾಡ್ತೀನಿ.”

ತಂಡದ ಮುಖ್ಯಸ್ಥ ಸಮೀರ, ಡ್ರಮ್ಸ್ ನುಡಿಸುವವನು, ತಿಂಗಳುಗಟ್ಟಲೆ ಸತಾಯಿಸಿ ಕೊನೆಗೆ ಒಪ್ಪಿದ. “ಏಕಚ್ ಗಾಣಂ. ಲೋಕ್ ಉಠಲೇ ತರ್ ಪರತ್ ನಾಹೀ,” ಎಂದ. ಒಂದೇ ಹಾಡು, ಜನ ಎದ್ದು ಹೋದರೆ ಮತ್ತೆ ಕೇಳಬೇಡ.

ಹಾಡು ಪಾಳಿ ಮುಗಿದ ಹೊತ್ತಿನದು. ‘ಆಯಿತು’ ಎಂಬುದು ವಿರೂಪಾಕ್ಷನ ಬಾಯಲ್ಲಿ ‘ಆತ’.

ಭೋಂಗಾ ಆತ, ಪಾಳಿ ಆತ,
ಡಬ್ಬಿಯೊಳಗ ಖಾಲಿ ಆತ,
ಕೈಗೆ ಹತ್ತಿದೆಣ್ಣಿ ಮಾತ್ರ
ತೊಳದ್ರೂ ಹೋಗವಲ್ದು.

ಭೋಂಗಾ ಎಂದರೆ ಕಾರ್ಖಾನೆಯ ಸೈರನ್. ಮೊದಲ ಶನಿವಾರ ಅವನು ಇದನ್ನು ಎತ್ತಿಕೊಂಡಾಗ ನಾನು ಟೇಬಲ್‌ಗಳ ಕಡೆಗೇ ನೋಡುತ್ತಿದ್ದೆ. ಮೊದಲ ಚರಣಕ್ಕೆ ಜನ ತಟ್ಟೆ ನೋಡಿದರು. ಎರಡನೆಯ ಬಾರಿ ಪಲ್ಲವಿ ಬಂದಾಗ ಕಿಟಕಿಯ ಕಡೆಯಿಂದ ಒಂದು ಗುಂಪು ಕೂಗಿತು: “ಆತಾ!” ಮೂರನೆಯ ಬಾರಿಗೆ ಇಡೀ ಹಾಲ್ ಟೇಬಲ್ ಬಡಿಯುತ್ತಿತ್ತು: “ಭೋಂಗಾ, ಆತಾ! ಪಾಳೀ, ಆತಾ!”

ನನಗೆ ನಗು ಬಂತು. ಮರಾಠಿಯಲ್ಲಿ ‘ಆತಾ’ ಎಂದರೆ ಈಗ. ಭೋಂಗಾ, ಪಾಳಿ, ಡಬ್ಬಿ, ಖಾಲಿ ಎಲ್ಲವೂ ಮರಾಠಿಯವರಿಗೆ ಗೊತ್ತಿರುವ ಪದಗಳೇ. ಎಲ್ಲ ಮುಗಿಯಿತು ಎಂದು ಅವನು ಹಾಡುತ್ತಿದ್ದರೆ, ಈಗ, ಈಗ ಎಂದು ಇವರು ಕುಣಿಯುತ್ತಿದ್ದರು. ಅದಕ್ಕೆ ನನ್ನ ಮಿಕ್ಸರಿನ ಪಾಲೂ ಇತ್ತು. ಕವರ್ ಹಾಡುಗಳಿಗೆ ರೆಕಾರ್ಡಿನ ಮೆರುಗು ಬರಲೆಂದು ದನಿಗೆ ಡಿಲೇ ಹಾಕುವುದು ನಮ್ಮ ರೂಢಿ. ಹಾಡಿದ್ದನ್ನು ಅರೆಕ್ಷಣ ತಡೆದು ಮತ್ತೆ ಮತ್ತೆ ಕೇಳಿಸುವ ಉಪಕರಣ ಅದು. ಅವನು ಚಿಕ್ಕದಾಗಿ ಕಡಿದು ನಿಲ್ಲಿಸಿದ ‘ಆತ’ವನ್ನು ಅದು ‘ಆತಾ’ ಎಂದು ಎಳೆದು ಬಿಡುತ್ತಿತ್ತು.

ದಿನಚರಿಯಲ್ಲಿ ಆ ಹಾಡಿನ ಎದುರು ಎರಡು ಗೆರೆ ಹಾಕಿದೆ.

ಮುಂದಿನ ಶನಿವಾರ ಮಧ್ಯಾಹ್ನ ಸೌಂಡ್ ಚೆಕ್ ನಡೆದಿತ್ತು. ಕುರ್ಚಿಗಳು ಇನ್ನೂ ಟೇಬಲ್ ಮೇಲೆ ತಲೆಕೆಳಗಾಗಿದ್ದವು. ರೆಸ್ಟೋರೆಂಟಿನ ಮಾಲೀಕರು ಬಂದರು. ಅವರ ಅಡ್ಡಹೆಸರೇ ಅಂಗಡಿ. ಬೆಳಗಾವಿ ಮೂಲದ ವ್ಯಾಪಾರಸ್ಥ ಮನೆತನ. ಅವರಲ್ಲಿ ಬಾಗಿಲು ಹಾಕುವುದಕ್ಕೆ ಮುಚ್ಚುವುದು ಎನ್ನುವಂತಿಲ್ಲ, ಅಪಶಕುನ. ಇಲ್ಲಿನ ವ್ಯಾಪಾರಿಗಳಂತೆ ‘ವಾಢವಣೆ’, ಹೆಚ್ಚಿಸುವುದು, ಎನ್ನಬೇಕು. ಬಿರಿಯಾನಿ ತೀರಿದರೆ ವೇಟರ್ ತೀರಿತು ಎನ್ನುವಂತಿಲ್ಲ. ನಾಳೆ ಬನ್ನಿ ಎನ್ನಬೇಕು. ನನ್ನನ್ನೂ ವಿರೂಪಾಕ್ಷನನ್ನೂ ಬಿಟ್ಟರೆ, ಆ ಹಾಲಿನಲ್ಲಿ ಹಾಡು ಅರ್ಥವಾಗಿದ್ದು ಅವರೊಬ್ಬರಿಗೇ.

“ವಿರೂಪಾಕ್ಷ, ಭಾಳ ಛಂದ ಹಾಡ್ತೀಯಪಾ,” ಎಂದರು. “ಆದ್ರ ತುಂಬಿದ ಅಂಗಡ್ಯಾಗ ನಿಂತು ‘ಆತ, ಆತ, ಖಾಲಿ ಆತ’ ಅಂತ ಒದರಿದ್ರ ನಾ ಗಲ್ಲಾದ ಮುಂದ ಹೆಂಗ ಕೂಡ್ಲಿ?”

“ಮಾಲಕ್ರ, ಖಾಲಿ ಆಗಿದ್ದು ನನ್ನ ಡಬ್ಬಿರೀ, ನಿಮ್ಮ ಅಂಗಡಿ ಅಲ್ಲ.”

“ಮಷ್ಕಿರಿ ಬ್ಯಾಡ. ಮಂದಿ ಆತಾ ಅಂತ ಕೇಳ್ಯಾರ. ನೀನೂ ಹಂಗs ಅನ್ನು. ಒಂದ ದೀರ್ಘ ಎಳ್ಯಾಕ ತ್ರಾಸೇನು? ಪ್ರತಿ ಶನಿವಾರ ಹಾಡು. ಹಂಗ ಆಗಂಗಿಲ್ಲಂದ್ರ ಇವತ್ತs ಕಡೀದು.”

ಸಮೀರನಿಗೆ ನಾನು ಮರಾಠಿಯಲ್ಲಿ ಹೇಳಿದೆ. ಒಂದು ಕಾಗುಣಿತಕ್ಕಾಗಿ ಇಷ್ಟು ರಂಪವೇ ಎಂದು ಅವನು ನಕ್ಕ. ಅದು ಸಣ್ಣ ಬದಲಾವಣೆಯೇ ಹೌದು, ನನಗೂ ಹಾಗೇ ಅನಿಸಿತ್ತು. ವಿರೂಪಾಕ್ಷ ಮಾತ್ರ ವೇದಿಕೆಯ ಮೇಲೆ ಆ ತುದಿಯಿಂದ ಈ ತುದಿಗೆ ತಿರುಗತೊಡಗಿದ. ಆಮೇಲೆ ನನ್ನ ಬಳಿ ಬಂದು, ಜನಕ್ಕೆ ಹಾಗೆ ಯಾಕೆ ಕೇಳಿಸಿತು ಎಂದು ಕೇಳಿದ. ಡಿಲೇ ಗುಂಡಿಯನ್ನು ತಿರುಗಿಸಿ ತೋರಿಸಿದೆ.

“ಹಂಗಾರ ಇವತ್ತ ಅದನ್ನ ತಗೀರಿ, ಬಾಯಾರ. ಇದ್ದಂಗ ಕೇಳ್ಲಿ.”

ಆ ಸಂಜೆ ಅವನ ದನಿಯನ್ನು ಡ್ರೈ ಬಿಟ್ಟೆ, ಅಂದರೆ ಯಾವ ಎಫೆಕ್ಟೂ ಇಲ್ಲದೆ. ಪಲ್ಲವಿ ಬರುವುದಕ್ಕೇ ಕಾದಿದ್ದವರಂತೆ ಜನ “ಆತಾ!” ಎಂದು ಕೂಗಿದರು. ಅವನ ಮೋಟು ‘ಆತ’ ಅದರಡಿ ಹೂತುಹೋಯಿತು. ದನಿ ಏರಿಸಲು ನಾನು ಕೈ ಚಾಚಿದೆ. ಅವನು ಬೇಡವೆಂದು ತಲೆಯಾಡಿಸಿದ. ಮುಂದಿನ ಬಾರಿ ಪಲ್ಲವಿಯನ್ನು ಜನಕ್ಕೇ ಬಿಟ್ಟ. ಅವರು “ಆತಾ!” ಎಂದು ನಿಂತ ಕೂಡಲೇ, ಆ ಖಾಲಿ ಜಾಗದಲ್ಲಿ, ಮಾತಾಡುವಷ್ಟೇ ದನಿಯಲ್ಲಿ “ಆತ,” ಎಂದ.

“ಭೋಂಗಾ, ಆತಾ!”
“ಆತ.”
“ಪಾಳೀ, ಆತಾ!”
“ಆತ.”

ಯಾರೋ ನಕ್ಕರು. ಕೆಲವರು ಕೂಗುವುದು ಬಿಟ್ಟು ಅವನನ್ನೇ ನೋಡತೊಡಗಿದರು. ಅಂಗಡಿಯವರು ಗಲ್ಲಾದಿಂದ ಎದ್ದು ನನ್ನ ಪಕ್ಕ ಬಂದು ನಿಂತರು. ಕೈಗೆ ಹತ್ತಿದ ಎಣ್ಣೆಯ ಸಾಲು ಮುಗಿಯುವ ತನಕ ಅಲ್ಲಾಡಲಿಲ್ಲ.

“ನಮ್ಮ ಅಪ್ಪನ ಉಗುರಾಗ ಬ್ಯಾಳಿ ಧೂಳ ಹಿಂಗs ಇರ್ತಿತ್ತು. ಎಷ್ಟ ತೊಳದ್ರೂ ಹೋಗ್ತಿದ್ದಿಲ್ಲ,” ಎಂದರು. “ಛಂದ ಅದ. ಖರೇನ ಛಂದ ಅದ. ಆದ್ರ ನನ್ನ ಅಂಗಡ್ಯಾಗ ಬ್ಯಾಡವಾ, ಅವಂಗ ಹೇಳಿಬಿಡು.”

ಹೇಳಿದೆ. ವಿರೂಪಾಕ್ಷ ವಯರು ಸುತ್ತಿಟ್ಟು ಸಮೀರನ ಕೈ ಕುಲುಕಿ ಹೋದ. ಸಮೀರ ಹೊಸ ಹಾಡುಗಾರನನ್ನು ತಂದ. ಮಳೆಗಾಲ ಬರುವಷ್ಟರಲ್ಲಿ ಜನರ ಒತ್ತಾಯಕ್ಕೆ ಆ ಹಾಡೂ ವಾಪಸು ಬಂತು, ಪೂರ್ತಿ ಮರಾಠಿಯಲ್ಲಿ, ದೀರ್ಘ ಎಳೆದು, ಎಣ್ಣೆಯ ಸಾಲನ್ನು ಬಿಟ್ಟು. ಬರೆದವನ ಒಪ್ಪಿಗೆ ಬೇಡವೇ ಎಂದು ಕೇಳಿದೆ. ನಾವು ಯಾರನ್ನು ಕೇಳಿ ಹಾಡುತ್ತೇವೆ ಎಂದ ಸಮೀರ. ಅದಕ್ಕೆ ಡಿಲೇ ಹಾಕಿದವಳು ನಾನೇ. ಆ ಹಾಡು ನಡೆದಷ್ಟು ಹೊತ್ತೂ ಕುರ್ಚಿಯಲ್ಲಿ ಕೂರಲು ಆಗುತ್ತಿರಲಿಲ್ಲ. ಸುಮ್ಮನೆ ಎದ್ದು ಕೇಬಲ್ ಮುಟ್ಟಿ ನೋಡುತ್ತಿದ್ದೆ.

ಮುಂದಿನ ವರ್ಷ ಒಂದು ಶನಿವಾರ ವಿರೂಪಾಕ್ಷ ಕಾರ್ಖಾನೆಯ ಇಬ್ಬರು ಗೆಳೆಯರೊಂದಿಗೆ ಊಟಕ್ಕೆ ಬಂದ, ನನ್ನ ಪಕ್ಕದ ಟೇಬಲ್ಲೇ ಹಿಡಿದ. ಆ ಹಾಡು ಶುರುವಾಯಿತು. ನನಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ.

“ಬಾಯಾರ, ಈಗ ಇದು ಕವರೋ, ಒರಿಜಿನಲ್ಲೋ? ನಿಮ್ಮ ಪುಸ್ತಕದಾಗ ಏನಂತ ಬರಕೋತೀರಿ?”

“ಸಿಟ್ಟ ಬರಲಿಲ್ಲೇನು?”

“ಬಂದೈತಿ. ಬರಲಾರದ ಏನು? ಆದ್ರ ಕಂಪನಿ ಬಸ್ಸಿನ್ಯಾಗ ನಮ್ಮ ಮಂದಿ ನಂದs ಹಾಡ್ತಾರ. ಎಣ್ಣಿ ಸಾಲ ಸುದ್ದಾ ಬಿಡಂಗಿಲ್ಲ.”

ಹಾಲ್ ಕೂಗಿತು, “ಆತಾ!” ಗೆಳೆಯರಿಬ್ಬರೂ ಚಪಾತಿ ಮುರಿಯುತ್ತಲೇ, ದಿನಾ ಮಾಡುವ ಕೆಲಸವೆಂಬಂತೆ, “ಆತ,” ಎಂದರು. ನಾನು ಡಿಲೇ ತೆಗೆದೆ. ಮುಂದಿನ ಸಾಲಿಗೆ ವಿರೂಪಾಕ್ಷನೂ ಸೇರಿ ಮೂರು ದನಿಗಳೂ ಹಾಲಿನ ತುದಿಯವರೆಗೆ ಕೇಳಿಸಿದವು. ಗಲ್ಲಾದಲ್ಲಿ ಅಂಗಡಿಯವರು ತಲೆಯೆತ್ತಿದರು. ಮತ್ತೆ ನೋಟು ಎಣಿಸತೊಡಗಿದರು.

ಈಗ ನಾನು ಬೇರೆ ಬೇರೆ ಕಡೆ ಮಿಕ್ಸರ್ ಹಿಡಿಯುತ್ತೇನೆ. ಯಾರಾದರೂ ಸ್ವಂತ ಹಾಡು ತಂದರೆ ಎಫೆಕ್ಟುಗಳನ್ನೆಲ್ಲ ತೆಗೆದು ಮೊದಲು ಡ್ರೈ ಕೇಳುತ್ತೇನೆ. ಸಾಲಿನ ಕೊನೆಯ ಪದಕ್ಕೆ ನಿಮ್ಮ ಕಡೆ ಏನರ್ಥ ಎಂದು ವಿಚಾರಿಸುತ್ತೇನೆ. ಆಮೇಲಷ್ಟೇ ನನ್ನ ಕೈ ಗುಂಡಿಯ ಮೇಲೆ ಹೋಗುತ್ತದೆ. ವಿರೂಪಾಕ್ಷ ಊಟಕ್ಕೆ ಬಂದ ಆ ಶನಿವಾರದ ಪುಟದಲ್ಲಿ ಆ ಹಾಡಿನ ಎದುರು ಗೆರೆಯೂ ಇಲ್ಲ, ಸೊನ್ನೆಯೂ ಇಲ್ಲ. ಬರೆದವನ ಹೆಸರಿದೆ.